ಕೊರತೆಯಿಂದ ಹುಟ್ಟಿದ ಕಟ್ಟಳೆಗಳು: ‘ಡಾಕ್ಟರ್ ಹೂ’ ಆರು ದಶಕ ನಡೆದು ಬಂದ ದಾರಿ

1963ರ ನವೆಂಬರ್ 23ರ ಶನಿವಾರ ಸಂಜೆ ಬಿಬಿಸಿ ಹೊಸದೊಂದು ಧಾರಾವಾಹಿಯ ಮೊದಲ ಕಂತನ್ನು ಪ್ರಸಾರ ಮಾಡಿದಾಗ ಬ್ರಿಟನ್ನಿನ ಜನರ ಮನಸ್ಸು ಬೇರೆಲ್ಲೋ ಇತ್ತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಹತ್ಯೆಯಾಗಿತ್ತು. ಹೀಗಾಗಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನು ಇನ್ನೊಮ್ಮೆ ತೋರಿಸಬೇಕಾಯಿತು. ಇಂಥ ಮಂಕು ಆರಂಭ ಕಂಡ ‘ಡಾಕ್ಟರ್ ಹೂ’ ಮುಂದೆ ಜಗತ್ತಿನಲ್ಲಿ ಅತಿ ದೀರ್ಘಕಾಲ ನಡೆದ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿಗಳ ಸಾಲಿನಲ್ಲಿ ಮೊದಲು ನೆನಪಾಗುವ ಹೆಸರಾಯಿತು. ಅದರ ಇತಿಹಾಸವನ್ನು ಕ್ರಮವಾಗಿ ನೋಡುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಸರಣಿಯ ಗುರುತೆಂದು ನಾವು ಇಂದು ಎಣಿಸುವ ಕಲ್ಪನೆಗಳಲ್ಲಿ ಹಲವು ಯಾವ ಲೇಖಕನ ಮಹಾಯೋಜನೆಯಿಂದಲೂ ಬಂದವಲ್ಲ. ಹಣದ ಅಭಾವ, ನಟರ ಅನಾರೋಗ್ಯ, ಅಧಿಕಾರಿಗಳ ತೀರ್ಮಾನ ತಂದೊಡ್ಡಿದ ತೊಡಕುಗಳಿಗೆ ಆ ಹೊತ್ತಿಗೆ ಹೊಳೆದ ಪರಿಹಾರಗಳೇ ಕಾಲಕ್ರಮದಲ್ಲಿ ಕತೆಯ ಕಟ್ಟಳೆಗಳಾಗಿ ಗಟ್ಟಿಯಾದವು.

ಧಾರಾವಾಹಿ ಹುಟ್ಟಿದ್ದೇ ಶನಿವಾರ ಸಂಜೆಯ ಒಂದು ಖಾಲಿ ಜಾಗವನ್ನು ತುಂಬಲು. ಮಧ್ಯಾಹ್ನದ ಕ್ರೀಡಾ ಪ್ರಸಾರಕ್ಕೂ ನಂತರದ ಸಂಗೀತ ಕಾರ್ಯಕ್ರಮಕ್ಕೂ ನಡುವೆ ದೊಡ್ಡವರೂ ಮಕ್ಕಳೂ ಚಾನೆಲ್ ಬದಲಿಸದಂತೆ ಹಿಡಿದಿಡುವ ಏನಾದರೊಂದು ಬೇಕಿತ್ತು. ಕೆನಡಾದಿಂದ ಬಂದು ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಸಿಡ್ನಿ ನ್ಯೂಮನ್ ಆ ಕೆಲಸವನ್ನು ವೆರಿಟಿ ಲ್ಯಾಂಬರ್ಟ್ ಅವರಿಗೆ ಒಪ್ಪಿಸಿದರು. ಇನ್ನೂ ಮೂವತ್ತು ದಾಟದ ಲ್ಯಾಂಬರ್ಟ್ ಆಗ ಆ ವಿಭಾಗದಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿ. ಮೊದಲ ಕತೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು. ಬಿಳಿಯ ಗಂಡಸರೇ ತುಂಬಿದ್ದ ಅಂದಿನ ಬಿಬಿಸಿಯಲ್ಲಿ ಒಬ್ಬ ಯುವತಿ ಮತ್ತು ಒಬ್ಬ ಭಾರತೀಯ ಯುವಕನ ಕೈಗೆ ಸಿಕ್ಕಿದ್ದು ಲೈಮ್ ಗ್ರೋವ್‌ನ ಹಳೆಯ, ಇಕ್ಕಟ್ಟಾದ ಸ್ಟುಡಿಯೊ. ಅವರು ಚಿತ್ರೀಕರಿಸಿದ ಮೊದಲ ಕಂತು ನ್ಯೂಮನ್‌ಗೆ ಹಿಡಿಸಲಿಲ್ಲ, ಆದರೆ ಅದನ್ನು ಮತ್ತೆ ಹೊಸದಾಗಿ ಮಾಡಲು ಅವಕಾಶ ಕೊಟ್ಟರು.

ಕತೆಯ ನಾಯಕ ‘ಡಾಕ್ಟರ್’ ಎಂದಷ್ಟೇ ಕರೆಸಿಕೊಳ್ಳುವ, ಎಲ್ಲಿಂದ ಬಂದನೆಂದು ಹೇಳದ, ಸಿಡುಕು ಸ್ವಭಾವದ ಮುದುಕ. ಅವನ ಕಾಲಯಾನದ ವಾಹನ ‘ಟಾರ್ಡಿಸ್’ ಇಳಿದ ಜಾಗಕ್ಕೆ ತಕ್ಕಂತೆ ರೂಪ ಬದಲಿಸಬೇಕಾದ ಯಂತ್ರ. ಆದರೆ ಆ ವ್ಯವಸ್ಥೆ ಕೆಟ್ಟುಹೋಗಿ ಅದು ಲಂಡನ್ ಬೀದಿಯ ನೀಲಿ ಪೊಲೀಸ್ ಪೆಟ್ಟಿಗೆಯ (ಪೊಲೀಸರಿಗೆ ಫೋನ್ ಮಾಡಲು ನಿಲ್ಲಿಸಿರುತ್ತಿದ್ದ ಗೂಡಿನ) ಆಕಾರದಲ್ಲೇ ಉಳಿದಿದೆ ಎಂದು ಮೊದಲ ಕತೆಯಲ್ಲೇ ತೋರಿಸಲಾಯಿತು. ಇದರಿಂದ ಪ್ರತಿ ಕತೆಗೂ ಹೊಸ ವಾಹನ ಕಟ್ಟಿಸುವ ಖರ್ಚು ಉಳಿಯಿತು. ಅಂಥ ಪೆಟ್ಟಿಗೆಗಳು ಬೀದಿಗಳಿಂದ ಬಹುಪಾಲು ಮಾಯವಾದ ಮೇಲೆ, 1996ರಲ್ಲಿ, ಬಿಬಿಸಿ ಆ ಆಕಾರವನ್ನು ತನ್ನ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಹೊರಟಾಗ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸರು ಆಕ್ಷೇಪಿಸಿದರು; 2002ರಲ್ಲಿ ತೀರ್ಮಾನ ಬಿಬಿಸಿಯ ಪರವಾಗಿಯೇ ಬಂತು. ಪೊಲೀಸರ ಪೆಟ್ಟಿಗೆ ಪೊಲೀಸರದ್ದಲ್ಲವೆಂದು ಅಧಿಕೃತವಾಗಿ ಹೇಳಿಸಿಕೊಂಡ ಧಾರಾವಾಹಿ ಬಹುಶಃ ಇನ್ನೊಂದಿಲ್ಲ.

ಮಕ್ಕಳಿಗೆ ವಿಜ್ಞಾನವನ್ನೂ ಇತಿಹಾಸವನ್ನೂ ಕಲಿಸುವುದು ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು. ಡಾಕ್ಟರನ ಮೊದಲ ಸಹಚರರಲ್ಲಿ ಇಬ್ಬರು ಶಾಲೆಯ ಮೇಷ್ಟರು ಮತ್ತು ಟೀಚರ್ ಆಗಿದ್ದದ್ದು ಅದಕ್ಕಾಗಿಯೇ. ವಿಕಾರ ರಾಕ್ಷಸರನ್ನು ತರಲೇಬಾರದೆಂದು ನ್ಯೂಮನ್ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ 1963ರ ಡಿಸೆಂಬರಿನಲ್ಲೇ ಟೆರ್ರಿ ನೇಷನ್ ಬರೆದ ಎರಡನೆಯ ಕತೆಯಲ್ಲಿ ‘ಡಾಲೆಕ್’ಗಳು ಬಂದವು. ಲೋಹದ ಕವಚದೊಳಗೆ ಕುಳಿತು, ಕರ್ಕಶ ಯಂತ್ರಧ್ವನಿಯಲ್ಲಿ ನಿರ್ನಾಮದ ಘೋಷಣೆ ಕೂಗುವ ಈ ಜೀವಿಗಳನ್ನು ಕಂಡು ದೇಶದ ಮಕ್ಕಳೆಲ್ಲ ಹುಚ್ಚಾದರು. ನ್ಯೂಮನ್ ತಮ್ಮ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಶುದ್ಧ ಐತಿಹಾಸಿಕ ಕತೆಗಳು ಕೆಲವೇ ವರ್ಷಗಳಲ್ಲಿ ನಿಂತುಹೋದವು. ಡಾಲೆಕ್‌ಗಳ ಹಕ್ಕಿನಲ್ಲಿ ಪಾಲು ಪಡೆದ ನೇಷನ್ ಶ್ರೀಮಂತರಾದರು. ಅವುಗಳಿಗೆ ರೂಪ ಕೊಟ್ಟ ವಿನ್ಯಾಸಕಾರ ರೇಮಂಡ್ ಕ್ಯೂಸಿಕ್ ಸಂಸ್ಥೆಯ ನೌಕರರಾದ್ದರಿಂದ ಅವರಿಗೆ ದಕ್ಕಿದ್ದು ಅತ್ಯಲ್ಪ. ಶೀರ್ಷಿಕೆ ಸಂಗೀತದ ಕತೆಯೂ ಇಂಥದ್ದೇ: ರಾನ್ ಗ್ರೇನರ್ ಬರೆದ ಸ್ವರಗಳನ್ನು ಟೇಪಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿ ನುಡಿಸುವಂತೆ ಮಾಡಿದ ಡೆಲಿಯಾ ಡರ್ಬಿಶೈರ್ ಅವರ ಹೆಸರು ತೆರೆಯ ಮೇಲೆ ಬಂದದ್ದು 2013ರಲ್ಲಿ, ಅವರು ತೀರಿಹೋಗಿ ಹನ್ನೆರಡು ವರ್ಷಗಳಾದ ಮೇಲೆ.

ಸರಣಿಯ ಹಣೆಬರಹವನ್ನು ಬದಲಿಸಿದ ವರ್ಷ 1966. ಡಾಕ್ಟರನ ಪಾತ್ರ ವಹಿಸುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಡುತ್ತಿತ್ತು, ಮಾತುಗಳು ಮರೆತುಹೋಗುತ್ತಿದ್ದವು. ನಾಯಕನಟ ಹೋದರೆ ಧಾರಾವಾಹಿ ಮುಗಿಯಬೇಕು, ಇಲ್ಲವೇ ಪ್ರೇಕ್ಷಕರು ಕಂಡೂ ಕಾಣದಂತೆ ಇರಲಿ ಎಂದು ಬೇರೊಬ್ಬ ನಟನನ್ನು ತಂದು ನಿಲ್ಲಿಸಬೇಕು. ಟಿವಿ ಲೋಕಕ್ಕೆ ಗೊತ್ತಿದ್ದದ್ದು ಈ ಎರಡೇ ದಾರಿ. ನಿರ್ಮಾಪಕ ಇನ್ನಿಸ್ ಲಾಯ್ಡ್ ಮತ್ತು ಅವರ ತಂಡ ಮೂರನೆಯದನ್ನು ಹಿಡಿಯಿತು. ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ ದಣಿದ ಡಾಕ್ಟರ್ ನೆಲಕ್ಕೆ ಬೀಳುತ್ತಾನೆ. ಪ್ರೇಕ್ಷಕರ ಕಣ್ಣೆದುರೇ ಅವನ ಮುಖ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವಾಗುತ್ತದೆ. ನಮ್ಮ ಕತೆಗಳ ಪರಕಾಯ ಪ್ರವೇಶದಲ್ಲಿ ಜೀವವು ಇನ್ನೊಬ್ಬರ ದೇಹವನ್ನು ಹೊಗುತ್ತದೆ. ಇಲ್ಲಿ ಹಾಗಲ್ಲ, ದೇಹವೂ ನೆನಪೂ ಅವನವೇ, ರೂಪ ಮತ್ತು ಸ್ವಭಾವ ಮಾತ್ರ ಬೇರೆ. ಹೊಸ ನಟ ಹಳೆಯ ನಟನನ್ನು ಅನುಕರಿಸಬೇಕಾಗಿಲ್ಲ ಎಂಬುದೇ ಈ ಉಪಾಯದ ನಿಜವಾದ ಶಕ್ತಿ. ಟ್ರೌಟನ್ ತಮ್ಮ ಡಾಕ್ಟರನನ್ನು ಅಲೆಮಾರಿ ವಿದೂಷಕನಂತೆ ಆಡಿದರು, ಜನ ಒಪ್ಪಿದರು. ಗಮನಿಸಬೇಕಾದ ಮಾತೆಂದರೆ, ಆಗ ಇದಕ್ಕೆ ಒಂದು ನಿಯಮವಿರಲಿ, ಹೆಸರೂ ಇರಲಿಲ್ಲ. ‘ರಿಜನರೇಷನ್’ ಎಂಬ ಮಾತು ಕತೆಯೊಳಗೆ ಬಂದದ್ದು 1974ರಲ್ಲಿ. ಒಬ್ಬನಿಗೆ ಹನ್ನೆರಡು ಬಾರಿ ಮಾತ್ರ ಹೀಗೆ ರೂಪಾಂತರ ಸಾಧ್ಯ ಎಂಬ ಮಿತಿ ಸೇರಿದ್ದು 1976ರಲ್ಲಿ. ಅಂದಿನ ಬರಹಗಾರರಿಗೆ ಹನ್ನೆರಡು ಬಹು ದೂರದ ಸಂಖ್ಯೆಯಾಗಿ ಕಂಡಿರಬೇಕು.

ಡಾಕ್ಟರ್ ಕಾಲಯಾನ ಬಲ್ಲ ‘ಟೈಮ್ ಲಾರ್ಡ್’ ಎಂಬ ಅನ್ಯಗ್ರಹದ ಜನಾಂಗದವನು ಎಂಬುದು ಕೂಡ ಆರು ವರ್ಷಗಳ ನಂತರ, 1969ರಲ್ಲಿ, ಹೊರಬಿದ್ದ ವಿಷಯ. ಅವನ ಜನ ಅವನನ್ನು ವಿಚಾರಣೆಗೆ ಒಳಪಡಿಸಿ ಭೂಮಿಗೆ ಗಡಿಪಾರು ಮಾಡುತ್ತಾರೆ. ಕತೆಯಲ್ಲಿ ಅದು ಶಿಕ್ಷೆ. ನಿರ್ಮಾಣದ ಲೆಕ್ಕದಲ್ಲಿ ಉಳಿತಾಯ. 1970ರಿಂದ ಬಣ್ಣದ ಚಿತ್ರೀಕರಣ ಶುರುವಾಗಿ, ವರ್ಷಕ್ಕೆ ನಲವತ್ತಕ್ಕೂ ಹೆಚ್ಚಿದ್ದ ಕಂತುಗಳು ಇಪ್ಪತ್ತೈದರ ಆಸುಪಾಸಿಗೆ ಇಳಿದವು. ಅನ್ಯಗ್ರಹಗಳ ಸೆಟ್ ಕಟ್ಟುವ ಬದಲು ಇಂಗ್ಲೆಂಡಿನ ಕಾರ್ಖಾನೆ, ಹಳ್ಳಿ, ಪ್ರಯೋಗಾಲಯಗಳಲ್ಲೇ ಕತೆ ನಡೆಸುವುದು ಅಗ್ಗವಾಗಿತ್ತು. ಜಾನ್ ಪರ್ಟ್ವೀ ಅವರ ಈ ಭೂವಾಸದ ವರ್ಷಗಳಲ್ಲಿ ಪರಿಸರ ಮಾಲಿನ್ಯ, ವಸಾಹತುಶಾಹಿಯಂಥ ವಿಷಯಗಳು ಸರಣಿಯೊಳಗೆ ಬಂದವು. ನಂತರ ಏಳು ವರ್ಷ ಪಾತ್ರ ವಹಿಸಿದ ಟಾಮ್ ಬೇಕರ್ ಅವರ ಕಾಲ ಜನಪ್ರಿಯತೆಯ ಶಿಖರ. 1979ರಲ್ಲಿ ಒಂದು ಕಂತನ್ನು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಪ್ರತಿಸ್ಪರ್ಧಿ ಐಟಿವಿ ಆಗ ಮುಷ್ಕರದಿಂದ ಬಂದ್ ಆಗಿತ್ತೆಂಬುದನ್ನೂ ಜೊತೆಗೇ ಹೇಳಬೇಕು.

ಇಷ್ಟು ಜನ ಮೆಚ್ಚಿದ ಸರಣಿಯನ್ನು ಅದರ ಒಡೆಯರೇ ಅಳಿಸಿಹಾಕುತ್ತಿದ್ದರು. ವಿಡಿಯೊ ಟೇಪ್ ದುಬಾರಿಯಾಗಿದ್ದರಿಂದ ಅದನ್ನು ಒರೆಸಿ ಮತ್ತೆ ಬಳಸುವುದು ವಾಡಿಕೆಯಾಗಿತ್ತು. ನಟರ ಸಂಘದೊಂದಿಗಿನ ಒಪ್ಪಂದದಿಂದಾಗಿ ಮರುಪ್ರಸಾರಕ್ಕೆ ಮಿತಿಯಿತ್ತು. ಬಣ್ಣ ಬಂದ ಮೇಲೆ ಕಪ್ಪುಬಿಳುಪು ಕಂತುಗಳನ್ನು ಯಾರೂ ಕೊಳ್ಳುವುದಿಲ್ಲವೆಂಬ ಎಣಿಕೆಯಿತ್ತು. 1978ರ ಸುಮಾರಿಗೆ ಈ ನಾಶ ನಿಲ್ಲುವ ಹೊತ್ತಿಗೆ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ದೊಡ್ಡ ಪಾಲು ಹೋಗಿಯಾಗಿತ್ತು. ಹೊರದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳೇ ಆಮೇಲೆ ಆಸರೆಯಾದವು. ನಾಲ್ಕು ಕಂತುಗಳ ಪೂರ್ತಿ ಕತೆಯೊಂದು 1990ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಮರಳಿತು. ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಲ್ಲಿ ಕಾಣೆಯಾಗಿದ್ದ ಒಂಬತ್ತು ಕಂತುಗಳು ಸಿಕ್ಕಿದ್ದನ್ನು 2013ರಲ್ಲಿ ಪ್ರಕಟಿಸಲಾಯಿತು. ಇಂದಿಗೂ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಲ್ಲ. ಆದರೆ ಅವೆಲ್ಲದರ ಧ್ವನಿ ಇದೆ, ಏಕೆಂದರೆ ಅರವತ್ತರ ದಶಕದಲ್ಲಿ ಕೆಲವು ಹುಡುಗರು ಪ್ರಸಾರದ ಹೊತ್ತಿಗೆ ಮನೆಯಲ್ಲೇ ಟೇಪ್ ರೆಕಾರ್ಡರ್ ಹಚ್ಚಿ ಕೂತಿದ್ದರು. ರಾಜಸನ್ನದು ಪಡೆದ ಸಂಸ್ಥೆ ಕಳೆದದ್ದನ್ನು ಅಭಿಮಾನಿಗಳು ಉಳಿಸಿದರು ಎಂಬುದು ಇಲ್ಲಿ ಉತ್ಪ್ರೇಕ್ಷೆಯಲ್ಲ. ಆ ಧ್ವನಿಗೆ ಆನಿಮೇಷನ್ ಜೋಡಿಸಿ ಬಿಬಿಸಿ ಈಗ ಮಾರುತ್ತಿದೆ.

ಎಂಬತ್ತರ ದಶಕದ ಇಳಿಗಾಲವನ್ನು ಹೆಚ್ಚು ಹಿಗ್ಗಿಸಬೇಕಾಗಿಲ್ಲ. 1985ರಲ್ಲಿ ಹದಿನೆಂಟು ತಿಂಗಳ ವಿರಾಮ, ಬಳಿಕ ಐಟಿವಿಯ ಅತಿ ಜನಪ್ರಿಯ ಧಾರಾವಾಹಿಯ ಎದುರಿಗೇ ಪ್ರಸಾರದ ಸಮಯ, 1989ರ ಡಿಸೆಂಬರ್ 6ರಂದು ಕೊನೆಯ ಕಂತು. ರದ್ದಾಯಿತೆಂದು ಯಾರೂ ಘೋಷಿಸಲಿಲ್ಲ; ಮುಂದಿನ ವರ್ಷದ ಕಂತುಗಳು ಬರಲಿಲ್ಲ, ಅಷ್ಟೆ. 1996ರಲ್ಲಿ ಅಮೆರಿಕದ ಸಹಭಾಗಿತ್ವದ ಒಂದು ಟಿವಿ ಚಿತ್ರ ಬಂದುಹೋಯಿತು. ಆದರೆ 1991ರಿಂದ ಕಾದಂಬರಿಗಳೂ 1999ರಿಂದ ಧ್ವನಿನಾಟಕಗಳೂ ಕತೆಯನ್ನು ಮುಂದುವರಿಸಿದವು. ಹಾಗೆ ಕಾದಂಬರಿ ಬರೆದ ಅಭಿಮಾನಿಗಳಲ್ಲಿ ಒಬ್ಬರಾದ ರಸೆಲ್ ಟಿ ಡೇವಿಸ್ ಅವರೇ 2005ರ ಮಾರ್ಚ್ 26ರಂದು ಸರಣಿಯನ್ನು ಬಿಬಿಸಿ ವೇಲ್ಸ್‌ನಿಂದ ಮತ್ತೆ ತೆರೆಗೆ ತಂದರು. ಹಳೆಯ ಕತೆಯ ಭಾರ ಹೊಸಬರ ಮೇಲೆ ಬೀಳದಂತೆ, ಟೈಮ್ ಲಾರ್ಡ್‌ಗಳೆಲ್ಲ ಯುದ್ಧದಲ್ಲಿ ಅಳಿದು ಡಾಕ್ಟರ್ ಒಬ್ಬನೇ ಉಳಿದಿದ್ದಾನೆಂದು ಅವರು ಒಂದೇ ಏಟಿಗೆ ಹೇಳಿಬಿಟ್ಟರು. ಲಂಡನ್ನಿನ ಅಂಗಡಿ ಕೆಲಸದ ಹುಡುಗಿ ರೋಸ್‌ಳ ಕಣ್ಣಿನಿಂದ ಕತೆ ಶುರುವಾಯಿತು. ಮೊದಲ ಕಂತಿಗೇ ಒಂದು ಕೋಟಿಗೂ ಹೆಚ್ಚು ಪ್ರೇಕ್ಷಕರು ಸಿಕ್ಕರು.

ಹನ್ನೆರಡು ರೂಪಾಂತರಗಳ ಮಿತಿ ಎದುರಿಗೆ ಬಂದು ನಿಂತದ್ದು 2013ರಲ್ಲಿ. ಐವತ್ತನೆಯ ವರ್ಷದ ವಿಶೇಷ ಕಂತು 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾಗಿ ದಾಖಲೆಯಾಯಿತು. ಅದರ ಬೆನ್ನಿಗೇ ಕ್ರಿಸ್‌ಮಸ್ ಕಂತಿನಲ್ಲಿ ಆಗಿನ ಮುಖ್ಯ ಬರಹಗಾರ ಸ್ಟೀವನ್ ಮೊಫಟ್ ಡಾಕ್ಟರನಿಗೆ ಹೊಸದೊಂದು ಸುತ್ತಿನ ಜನ್ಮಗಳನ್ನು ಕೊಡಿಸಿದರು. 2017ರಲ್ಲಿ ಜೋಡಿ ವಿಟ್ಟೇಕರ್ ಹೆಸರು ಪ್ರಕಟವಾದಾಗ ಮಹಿಳೆ ಹೇಗೆ ಡಾಕ್ಟರ್ ಆದಾಳು ಎಂದು ಎದ್ದ ಗದ್ದಲಕ್ಕೆ ಉತ್ತರ 1966ರ ಉಪಾಯದಲ್ಲೇ ಇತ್ತು: ಮುಖ, ವಯಸ್ಸು, ಸ್ವಭಾವ ಬದಲಾಗಬಹುದಾದರೆ ಲಿಂಗವೇಕೆ ಬದಲಾಗಬಾರದು? ಅವರ ಅವಧಿಯ ಅತ್ಯುತ್ತಮ ಕಂತೆಂದು ನಾನು ಎಣಿಸುವುದು ವಿನಯ್ ಪಟೇಲ್ ಬರೆದ, 1947ರ ದೇಶವಿಭಜನೆಯ ಪಂಜಾಬಿನಲ್ಲಿ ನಡೆಯುವ 2018ರ ಕತೆಯನ್ನು. ಚಿತ್ರೀಕರಣ ನಡೆದದ್ದು ಸ್ಪೇನಿನಲ್ಲಿ. ಆ ಕತೆಯಲ್ಲಿ ಕೊಲೆ ಮಾಡುವವರು ಅನ್ಯಗ್ರಹದವರಲ್ಲ, ಗಡಿ ಎಳೆದ ಮೇಲೆ ಬದಲಾದ ನೆರೆಹೊರೆಯವರು.

2022ರಲ್ಲಿ ಡಿಸ್ನಿಯೊಂದಿಗೆ ಆದ ಒಪ್ಪಂದದಿಂದ ಸರಣಿಗೆ ಹಿಂದೆಂದೂ ಇರದಷ್ಟು ಹಣ ಬಂತು. ಡೇವಿಸ್ ಮತ್ತೆ ಚುಕ್ಕಾಣಿ ಹಿಡಿದರು, ಷೂಟಿ ಗಾಟ್ವಾ ಡಾಕ್ಟರ್ ಆದರು. ಎರಡು ಸೀಸನ್ ಕಳೆದು 2025ರ ಮೇ ಕೊನೆಯಲ್ಲಿ ಗಾಟ್ವಾ ಪಾತ್ರದಿಂದ ಹೊರಬಂದಾಗ ಮುಂದಿನ ಹಣಕಾಸು ಖಚಿತವಾಗಿರಲಿಲ್ಲ. ಅಕ್ಟೋಬರಿನಲ್ಲಿ ಡಿಸ್ನಿ ಮುಂದುವರಿಯುವುದಿಲ್ಲವೆಂದು ಪ್ರಕಟಿಸಿದ ಬಿಬಿಸಿ, ಡೇವಿಸ್ ಬರೆಯುವ ಕಂತೊಂದು 2026ರ ಕ್ರಿಸ್‌ಮಸ್‌ಗೆ ಬರಲಿದೆ ಎಂದು ತಿಳಿಸಿತು. ಅತ್ತ ತೆರೆಯ ಮೇಲೆ ಗಾಟ್ವಾ ರೂಪಾಂತರಗೊಂಡದ್ದು 2005ರಲ್ಲಿ ರೋಸ್ ಆಗಿದ್ದ ಬಿಲಿ ಪೈಪರ್ ಅವರ ಮುಖಕ್ಕೆ. ಕಂತಿನ ಕೊನೆಯ ಹೆಸರುಪಟ್ಟಿಯಲ್ಲಿ ಪೈಪರ್ ಹೆಸರಿತ್ತು; ಹೊಸ ನಟರ ಹೆಸರಿನೊಂದಿಗೆ ಬರುವ ‘ಡಾಕ್ಟರ್ ಪಾತ್ರದಲ್ಲಿ’ ಎಂಬ ಮಾತು ಮಾತ್ರ ಇರಲಿಲ್ಲ.