ಚೀಲದ ಮೇಲಿನ ಮಾರ್ಕು, ಒಳಗಿನ ಕಾಳು

ಅರ್ಜಿ ಹಾಕುವ ಕೊನೆಯ ದಿನ ಹಾಸನದ ಬಿ.ಎಂ. ರಸ್ತೆಯ ಸೈಬರ್ ಸೆಂಟರುಗಳಲ್ಲಿ ಒಂದು ನಾಟಿ ವೈದ್ಯ ಜೋರಾಗಿ ನಡೆಯುತ್ತದೆ. ಐಫೋನಿನಲ್ಲಿ ತೆಗೆದ ಫೋಟೊ ‘.ಎಚ್‌ಇಐಸಿ’ ಎಂಬ ಬಗೆಯ ಫೈಲಾಗಿ ಬಂದಿರುತ್ತದೆ, ವೆಬ್‌ಸೈಟು ‘.ಜೆಪಿಜಿ’ ಕೇಳುತ್ತದೆ. ಹೆಸರಿನ ಕೊನೆಯ ಚುಕ್ಕೆಯ ನಂತರದ ಬಾಲ, ಅಂದರೆ ಎಕ್ಸ್‌ಟೆನ್ಷನ್, ಅಳಿಸಿ ಜೆಪಿಜಿ ಎಂದು ಬರೆದರೆ ಫೋಟೊ ‘ಕನ್ವರ್ಟ್’ ಆಯಿತು ಎಂಬುದು ನಂಬಿಕೆ. ಆಗುವುದಿಲ್ಲ. ದೇವರ ಹೆಸರಿಟ್ಟ ಮಾತ್ರಕ್ಕೆ ಮಗು ದೇವರಾಗದ ಹಾಗೆ.

ಚಿಕ್ಕಮಗಳೂರಿನ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಗೋಣಿಚೀಲದ ಮೇಲೆ ‘ಪ್ಲಾಂಟೇಶನ್ ಎ’ (ಅರೇಬಿಕಾ ಕಾಫಿಯ ಒಂದು ದರ್ಜೆ) ಅಂತಲೋ ‘ರೋಬಸ್ಟಾ ಚೆರ್ರಿ’ ಅಂತಲೋ ಮಾರ್ಕು ಹಾಕಿರುತ್ತಾರೆ. ಹೊರುವವರು ಆ ಮಾರ್ಕು ನೋಡಿಯೇ ಚೀಲವನ್ನು ಆಯಾ ಅಟ್ಟಿಗೆ ಸೇರಿಸುತ್ತಾರೆ, ಯಾರೂ ಬಿಚ್ಚಿ ನೋಡುವುದಿಲ್ಲ. ರೋಬಸ್ಟಾ ಚೀಲದ ಮಾರ್ಕು ಕೆರೆದು ಪ್ಲಾಂಟೇಶನ್ ಎ ಎಂದು ಬರೆದರೆ ಚೀಲ ಬೇರೆ ಅಟ್ಟಿಗೆ ಹೋದೀತು, ಅಷ್ಟೆ. ಹಿಡಿ ಕಾಳು ತೆಗೆದು ನೋಡಿದವನಿಗೆ ಗುಟ್ಟು ರಟ್ಟು: ರೋಬಸ್ಟಾ ಗುಂಡಗೆ, ನಡುವಿನ ಸೀಳು ನೆಟ್ಟಗೆ, ಅರೇಬಿಕಾ ಉದ್ದುದ್ದ, ಸೀಳು ತುಸು ಬಾಗಿದ್ದು.

ಎಕ್ಸ್‌ಟೆನ್ಷನ್ ಎಂದರೆ ಆ ಮಾರ್ಕು. ವಿಂಡೋಸ್ ಚೀಲ ಹೊರುವವನು. ಫೈಲಿನ ಮೇಲೆ ಎರಡು ಸಲ ಒತ್ತಿದಾಗ ಅದು ಒಳಗೆ ಇಣುಕುವುದಿಲ್ಲ. ಹೆಸರಿನ ಕಟ್ಟಕಡೆಯ ಚುಕ್ಕೆಯ ನಂತರ ಏನಿದೆ ನೋಡುತ್ತದೆ, ರಿಜಿಸ್ಟ್ರಿ ಎಂಬ ತನ್ನ ಖಾತೆಪುಸ್ತಕದಲ್ಲಿ ಆ ಮಾರ್ಕಿನ ಮುಂದೆ ಯಾವ ಪ್ರೋಗ್ರಾಮಿನ ಹೆಸರಿದೆಯೋ ಅದಕ್ಕೆ ಫೈಲನ್ನು ಒಪ್ಪಿಸುತ್ತದೆ. ಬಿಚ್ಚಿ ನೋಡುವ ಕೆಲಸ ಆ ಪ್ರೋಗ್ರಾಮಿನದು. ಪಿಎನ್‌ಜಿ ಚಿತ್ರಕ್ಕೆ ಜೆಪಿಜಿ ಎಂದು ಹೆಸರಿಟ್ಟರೂ ಫೋಟೋಸ್ ಆ್ಯಪ್ ಒಳಗಿನ ಕಾಳು ಗುರುತಿಸಿ ಚಿತ್ರ ತೋರಿಸಿಬಿಡುತ್ತದೆ. ‘ನೋಡಿ, ಓಪನ್ ಆಯ್ತಲ್ಲ!’ ಎಂಬ ಮೂಢನಂಬಿಕೆ ಹುಟ್ಟುವುದು ಇಲ್ಲೇ. ಅದೇ ವರ್ಡ್ ಫೈಲಿಗೆ ‘.ಪಿಡಿಎಫ್’ ಎಂದು ಹೆಸರಿಡಿ, ಪಿಡಿಎಫ್ ಓದುವ ಪ್ರೋಗ್ರಾಂ ಫೈಲು ಕೆಟ್ಟಿದೆ ಎಂದು ಕೈಚೆಲ್ಲುತ್ತದೆ. ಕೆಟ್ಟಿರುವುದಿಲ್ಲ. ಹಳೆಯ ಹೆಸರು ವಾಪಸ್ ಕೊಟ್ಟರೆ ಮೊದಲಿನಂತೆ ತೆರೆಯುತ್ತದೆ. ಹೆಸರು ಬದಲಿಸಿದಾಗ ಒಳಗಿನ ಒಂದು ಬಿಟ್ ಕೂಡ ಅಲುಗಿರುವುದಿಲ್ಲ.

ಹಾಗಾದರೆ ಒಳಗಿನ ಕಾಳಿನ ಗುರುತು ಏನು? ಶ್ರವಣಬೆಳಗೊಳದ ಶಾಸನ ಓದುವವರನ್ನು ನೆನೆಸಿಕೊಳ್ಳಿ. ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’ ಎಂದು ಶುರುವಾದರೆ ಜೈನ ಶಾಸನ. ‘ನಮಸ್ತುಂಗ ಶಿರಶ್ಚುಂಬಿ’ ಎಂದರೆ ಶಿವಸ್ತುತಿ. ಮುಂದಿನದು ಓದುವ ಮೊದಲೇ ಜಾತಕ ತಿಳಿಯುತ್ತದೆ. ಫೈಲುಗಳಿಗೂ ಇಂಥ ನಾಂದಿ ಉಂಟು. ಜೆಪಿಜಿ ಫೈಲಿನ ಮೊದಲ ಮೂರು ಬೈಟು (ಬೈಟು ಎಂದರೆ 0ರಿಂದ 255ರೊಳಗಿನ ಒಂದು ಸಂಖ್ಯೆ) ಯಾವಾಗಲೂ 255, 216, 255. ಪಿಎನ್‌ಜಿಯದು 137, ಆಮೇಲೆ ಪಿ, ಎನ್, ಜಿ ಎಂಬ ಮೂರು ಅಕ್ಷರ. ಪಿಡಿಎಫ್ ಶುರುವಾಗುವುದು ಶೇಕಡಾ ಚಿಹ್ನೆ, ಪಿ, ಡಿ, ಎಫ್ ಎಂದು. ಹಲವು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ ಝಿಪ್ ಫೈಲಿನ ತಲೆಯಲ್ಲಿರುವ ‘ಪಿ’ ‘ಕೆ’ ಅದನ್ನು ರೂಪಿಸಿದ ಫಿಲ್ ಕಾಟ್ಜ್‌ನ ಇನಿಷಿಯಲ್ಲು. ವಿಂಡೋಸ್ ಪ್ರೋಗ್ರಾಮುಗಳ ತಲೆಯ ‘ಎಂ’ ‘ಝಡ್’ ಮೈಕ್ರೋಸಾಫ್ಟಿನ ಮಾರ್ಕ್ ಜ್ಬಿಕೌಸ್ಕಿಯದು. ಬೇಲೂರಿನ ಶಿಲ್ಪಿಗಳು ಮದನಿಕೆಯ ಪೀಠದಲ್ಲಿ ಹೆಸರು ಕೊರೆದ ಹಾಗೆ ಇವರೂ ಕೊರೆದಿದ್ದಾರೆ. ದಿನವೂ ಕೋಟ್ಯಂತರ ಯಂತ್ರಗಳು ಅದನ್ನು ಓದುತ್ತವೆ, ಮನುಷ್ಯರು ಓದುವುದು ಅಪರೂಪ.

ನೀವೇ ನೋಡಬಹುದು. ನೋಟ್‌ಪ್ಯಾಡ್ ತೆರೆದು ಅದರೊಳಕ್ಕೆ ಒಂದು ‘.ಡಾಕ್ಸ್’ ಫೈಲನ್ನು ಎಳೆದು ಬಿಡಿ. ಕಸದಂಥ ಚಿಹ್ನೆಗಳ ಸಾಲಿನ ಶುರುವಿನಲ್ಲೇ ‘ಪಿ’ ‘ಕೆ’ ಕಾಣುತ್ತದೆ: ವರ್ಡ್ ಕಡತ ನಿಜಕ್ಕೂ ಒಂದು ಝಿಪ್ ಗಂಟು. ನೋಡಿ ಮುಚ್ಚಿ, ಸೇವ್ ಮಾತ್ರ ಮಾಡಬೇಡಿ. ನೋಟ್‌ಪ್ಯಾಡ್ ಆ ಬೈಟುಗಳನ್ನು ಅಕ್ಷರಗಳೆಂದು ತಿಳಿದು ತಿರುಗಿ ಬರೆಯುತ್ತದೆ, ಆಗ ಫೈಲು ನಿಜವಾಗಿಯೂ ಕೆಡುತ್ತದೆ.

ಬಾಲ ಸಾಮಾನ್ಯವಾಗಿ ಮೂರೇ ಅಕ್ಷರ ಏಕೆ ಎಂಬುದಕ್ಕೆ ಜಾಗದ ಲೆಕ್ಕವೇ ಕಾರಣ. ಗ್ಯಾರಿ ಕಿಲ್ಡಾಲ್ 1974ರಲ್ಲಿ ಕಟ್ಟಿದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಹೆಸರಿಗೆ 8, ಬಾಲಕ್ಕೆ 3 ಅಕ್ಷರ. 1981ರಲ್ಲಿ ಬಂದ, ವಿಂಡೋಸಿಗೂ ಮುಂಚಿನ ಮೈಕ್ರೋಸಾಫ್ಟಿನ ಡಾಸ್ ಅದನ್ನೇ ಎತ್ತಿಕೊಂಡಿತು. ಡಾಸ್‌ನಲ್ಲಿ ಪ್ರತಿ ಫೈಲಿಗೂ ಪಟ್ಟಿಯಲ್ಲಿ 32 ಬೈಟಿನ ಒಂದು ಸಾಲು, ಅದರಲ್ಲಿ ಹೆಸರಿಗೆ ಈ 11. ಚುಕ್ಕೆಯನ್ನು ಬರೆದಿಡುತ್ತಲೇ ಇರಲಿಲ್ಲ! ತೋರಿಸುವಾಗ ಮಾತ್ರ ಇಡುತ್ತಿದ್ದರು. ಜೆಪಿಇಜಿ ‘ಇ’ ಕಳೆದುಕೊಂಡು ಜೆಪಿಜಿ ಆದದ್ದು ಹೀಗೆ. ಎರಡೂ ಒಂದೇ, ಇಂಥಲ್ಲಿ ಮಾತ್ರ ಹೆಸರು ಬದಲಿಸಿದರೆ ತಪ್ಪಿಲ್ಲ. ನೂರಾರು ಫೈಲಿದ್ದರೆ ಫೋಲ್ಡರಿನ ವಿಳಾಸಪಟ್ಟಿಯಲ್ಲಿ ‘ಸಿಎಂಡಿ’ ಎಂದು ಬರೆದು ಎಂಟರ್ ಒತ್ತಿ, ಬರುವ ಕಪ್ಪು ಪರದೆಯಲ್ಲಿ ‘ರೆನ್ *.ಜೆಪಿಇಜಿ *.ಜೆಪಿಜಿ’ ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ, ಬರೆಯಿರಿ. ಒಂದೇ ಏಟಿಗೆ ಮುಗಿಯುತ್ತದೆ.

1995ರಲ್ಲಿ ವಿಂಡೋಸ್ ಉದ್ದ ಹೆಸರಿಗೆ ಅವಕಾಶ ಕೊಟ್ಟಿತು, ಜತೆಗೆ ತನಗೆ ಗೊತ್ತಿರುವ ಬಾಲಗಳನ್ನೆಲ್ಲ ಬಚ್ಚಿಟ್ಟಿತು. ಮಾರ್ಕು ನೋಡಿಯೇ ಕೆಲಸ ಮಾಡುವ ವ್ಯವಸ್ಥೆ, ಆ ಮಾರ್ಕನ್ನೇ ಗೋಣಿ ಮುಚ್ಚಿ ಇಟ್ಟಂತೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ. 2000ದ ಮೇ 4ರಂದು ಹಬ್ಬಿದ ‘ಐ ಲವ್ ಯು’ ಎಂಬ ಕಂಪ್ಯೂಟರ್ ಪಿಡುಗು ಬದುಕಿದ್ದೇ ಈ ಮರೆಯಲ್ಲಿ. ಇಮೇಲಿಗೆ ಅಂಟಿದ ಪ್ರೇಮಪತ್ರದ ಹೆಸರು ‘.ಟಿಎಕ್ಸ್‌ಟಿ.ವಿಬಿಎಸ್’ ಎಂದು ಮುಗಿಯುತ್ತಿತ್ತು. ಕೊನೆಯ ವಿಬಿಎಸ್, ಅಂದರೆ ಓಡುವ ಪ್ರೋಗ್ರಾಂ ಎಂಬ ಗುರುತು, ಮರೆಯಾಗಿ ಜನರಿಗೆ ಕಂಡದ್ದು ಬಡಪಾಯಿ ಟೆಕ್ಸ್ಟ್ ಫೈಲು. ಇವತ್ತು ವಾಟ್ಸ್ಆ್ಯಪ್‌ನಲ್ಲಿ ‘.ಎಪಿಕೆ’ (ಆಂಡ್ರಾಯ್ಡ್ ಆ್ಯಪಿನ ಫೈಲು) ಬಾಲ ಹೊತ್ತು ಬರುವ ಮದುವೆ ಕರೆಯೋಲೆಯೂ ಅದೇ ವಂಶದ್ದು.

ಮರೆ ತೆಗೆಯಲು ಅರ್ಧ ನಿಮಿಷ ಸಾಕು. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ವ್ಯೂ, ಅದರೊಳಗೆ ಶೋ, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಒತ್ತಿ. 10ರಲ್ಲಿ ವ್ಯೂ ಪಟ್ಟಿಯಲ್ಲೇ ಟಿಕ್ ಹಾಕುವ ಚೌಕವಿದೆ. ಶಾರ್ಟ್‌ಕಟ್‌ನ ‘.ಎಲ್‌ಎನ್‌ಕೆ’ ಆಮೇಲೂ ಕಾಣುವುದಿಲ್ಲ. ಐಕಾನಿನ ಮೂಲೆಯ ಪುಟ್ಟ ಬಾಣವೇ ಅದರ ಗುರುತು. ಕೊನೆಯ ಚುಕ್ಕೆಯ ನಂತರ ಇಎಕ್ಸ್‌ಇ, ಎಸ್‌ಸಿಆರ್, ಬಿಎಟಿ, ವಿಬಿಎಸ್, ಜೆಎಸ್ ಇದ್ದರೆ ಅದು ಕಾಗದಪತ್ರವಲ್ಲ, ಓಡುವ ಪ್ರೋಗ್ರಾಂ. ಬಾಲ ಕಂಡರೆ ‘ಫೋಟೊ.ಜೆಪಿಜಿ.ಜೆಪಿಜಿ’ಯಂಥ ಅವಳಿ ಬಾಲದ ಕಾಟವೂ ತಪ್ಪುತ್ತದೆ. ಹೆಸರು ಬದಲಿಸಲು ಎಫ್2 ಒತ್ತಿದರೆ ಚುಕ್ಕೆಗೆ ಮುಂಚಿನ ಭಾಗ ಮಾತ್ರ ಆಯ್ಕೆಯಾಗುತ್ತದೆ, ಬಾಲಕ್ಕೆ ಕೈ ತಗಲುವುದಿಲ್ಲ.

ಇನ್ನು ನಿಜವಾದ ಕನ್ವರ್ಷನ್. ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ‘ಸೇವ್ ಆ್ಯಸ್’ನಲ್ಲಿ ಜೆಪಿಇಜಿ ಆರಿಸಿ, ವರ್ಡ್ ಆದರೆ ಅಲ್ಲೇ ಪಿಡಿಎಫ್ ಆರಿಸಿ. ಐಫೋನಿನವರು ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಮಾಡಿಟ್ಟರೆ ಮುಂದಿನ ಫೋಟೊಗಳು ಜೆಪಿಜಿಯಾಗಿಯೇ ಬರುತ್ತವೆ.

ನಾಂದಿಯೇ ಇಲ್ಲದ ಒಂದು ಜಾತಿ ಉಳಿಯಿತು: ‘.ಟಿಎಕ್ಸ್‌ಟಿ’. ಅದರಲ್ಲಿ ಬರೀ ಅಕ್ಷರಗಳು, ಅವು ಯಾವ ಲಿಪಿಸಂಕೇತದವು ಎಂದು ಬಾಲವೂ ಹೇಳದು, ತಲೆಯೂ ಸಾಮಾನ್ಯವಾಗಿ ಹೇಳದು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ‘ಕನ್ನಡ’ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಚಿಹ್ನೆ ಎಂದು ಕಾಣುತ್ತದೆ. ಬಾಲವನ್ನು ಡಾಕ್ ಮಾಡಿ, ಆರ್‌ಟಿಎಫ್ ಮಾಡಿ, ಏನೂ ಬದಲಾಗದು. ನುಡಿಯ ಜತೆಗೇ ಬರುವ, ಹಳೆಯ ಸಂಕೇತವನ್ನು ಎಲ್ಲೆಡೆ ಒಂದೇ ಆಗಿರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಬೇಕು.