ಒಡ್ಡೋಲಗವಿಲ್ಲದೆ ಬಂದ ನಾಯಕ

ನಮ್ಮ ಹೊನ್ನಾವರ ಕಡೆಯ ಯಕ್ಷಗಾನದಾಟದಲ್ಲಿ ರಾಜವೇಷ ಒಡ್ಡೋಲಗದೊಂದಿಗೆ, ಅಂದರೆ ಕುಣಿತದ ಸಡಗರದ ಪ್ರವೇಶದೊಂದಿಗೆ, ರಂಗಕ್ಕೆ ಬರುತ್ತದೆ. ತೆರೆ ಸರಿದ ಕ್ಷಣದಿಂದಲೇ ಅವನು ವೀರ. ಇದೇ ಹೊನ್ನಾವರದಲ್ಲಿ 1954ರ ನವೆಂಬರ್ 9ರಂದು ಹುಟ್ಟಿದ ಶಂಕರ್ ನಾಗ್ ಸಿನಿಮಾಕ್ಕೆ ಬಂದದ್ದು ಹಾಗಲ್ಲ.

1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಅವರ ಪಾತ್ರವಾದ ಗಂಡುಗಲಿ ಕೂಲಿ ಸಿಪಾಯಿ, ಸಂಬಳ ಕೊಟ್ಟವನ ಪರ ಕತ್ತಿ ಹಿಡಿಯುವವನು. ಯಾರಿಗಾಗಿ ಹೊಡೆದಾಡುತ್ತಿದ್ದೇನೆ ಎಂಬ ಪ್ರಶ್ನೆ ಅವನಲ್ಲಿ ಮೂಡುವುದು ಹೊಡೆದಾಡುತ್ತಲೇ. ಕಡೆಗೆ ಎದುರು ಪಾಳೆಯದ ಪೆರ್ಮಾಡಿಯ ಜೊತೆಗೇ ಕೈ ಜೋಡಿಸುತ್ತಾನೆ. ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಜಗತ್ತಿನ ಪುರಾಣಗಳನ್ನೆಲ್ಲ ಜಾಲಾಡಿ ವೀರನ ಪಯಣಕ್ಕೊಂದು ನಕ್ಷೆ ಕೊಟ್ಟರು: ಮನೆ ಬಿಡುವುದು, ಪರೀಕ್ಷೆ ಎದುರಿಸುವುದು, ಬದಲಾಗಿ ಮರಳುವುದು. ಗಂಡುಗಲಿಯ ಕಷ್ಟವೆಂದರೆ ಮರಳಲು ಅವನಿಗೆ ಮನೆಯೇ ಇಲ್ಲ. ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ್ದ ಶಂಕರ್ ಆ ನೆಲೆಯಿಲ್ಲದ ಸ್ಥಿತಿಯನ್ನು ನಡಿಗೆಯಲ್ಲೇ ತಂದರು. ನಿರ್ದೇಶಿಸಿದವರು ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರು; ಜಪಾನಿನ ನಿರ್ದೇಶಕ ಕುರೊಸಾವಾನ ಸಮುರಾಯ್ (ಕತ್ತಿಯ ಯೋಧರ) ಚಿತ್ರಗಳ ಪ್ರಭಾವ ಢಾಳಾಗಿಯೇ ಕಾಣುತ್ತದೆ. ಆದರೂ ಎರಡು ಕತ್ತಿಗಳು ಎದುರಾದಾಗ ನನ್ನ ಕಿವಿ ಚಂಡೆಯನ್ನೇ ಹುಡುಕುತ್ತದೆ. ದೆಹಲಿಯ ಅಂತಾರಾಷ್ಟ್ರೀಯ ಚಿತ್ರೋತ್ಸವ 1979ರಲ್ಲಿ ಈ ಪಾತ್ರಕ್ಕಾಗಿ ಶಂಕರ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟಿತು.

ಆಮೇಲಿನ ದಾರಿ ಬೇರೆ. ‘ಆಟೋ ರಾಜ’, ‘ಸಾಂಗ್ಲಿಯಾನ’, ‘ಸಿಬಿಐ ಶಂಕರ್’ಗಳಲ್ಲಿ ನಾಯಕ ಬರುವಾಗಲೇ ಪೂರ್ಣ, ಬದಲಾಗಬೇಕಾದದ್ದು ಊರು, ಅವನಲ್ಲ. ಒಡ್ಡೋಲಗ ವಾಪಸು ಬಂತು. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ದಿನವಿಡೀ ಬಾಡಿಗೆ ಓಡಿಸುವವನಿಗೆ ತನ್ನ ಖಾಕಿ ಅಂಗಿಯೇ ರಾಜವೇಷವಾಗಿ ಕಂಡದ್ದು ಸಣ್ಣ ಸಂಗತಿಯಲ್ಲ. ಇವತ್ತಿಗೂ ಆಟೋಗಳ ಹಿಂಬದಿಯಲ್ಲಿ ಆ ಮುಖ ನಗುತ್ತಿದೆ.

ತಾವೇ ನಿರ್ದೇಶಕರಾದಾಗ ಮಾತ್ರ ಶಂಕರ್ ಕಿರೀಟ ತೆಗೆದಿಟ್ಟರು. ‘ಮಿಂಚಿನ ಓಟ’ದಲ್ಲಿ (1980) ಅಣ್ಣ ಅನಂತ್ ನಾಗ್ ಮತ್ತು ಲೋಕನಾಥ್ ಜೊತೆ ಕಾರುಗಳ್ಳರಾದರು. ‘ಆ್ಯಕ್ಸಿಡೆಂಟ್’ನಲ್ಲಿ ಫುಟ್‌ಪಾತ್‌ನಲ್ಲಿ ಮಲಗಿದ್ದವರ ಮೇಲೆ ರಾಜಕಾರಣಿಯ ಮಗನ ಕಾರು ಹರಿಯುತ್ತದೆ, ಶಂಕರ್ ಅದರ ಬೆನ್ನು ಹತ್ತುವ ಪತ್ರಕರ್ತ. ಒದೆತಕ್ಕೆ ಬಗ್ಗದ ಅಧಿಕಾರ ಅಲ್ಲಿ ಅವನೆದುರಿಗಿದೆ. ಕರಾಟೆ ನಾಯಕನೆಂದು ಜನ ಶಿಳ್ಳೆ ಹೊಡೆಯುತ್ತಿದ್ದ ದಿನಗಳಲ್ಲೇ ಇದನ್ನು ಮಾಡಿದ್ದು ಅವರ ವೃತ್ತಿಜೀವನದ ನಿಜವಾದ ಸಾಹಸವೆಂದು ನಾನು ನಂಬಿದ್ದೇನೆ.

ಹನ್ನೆರಡೇ ವರ್ಷ, ಸುಮಾರು 80 ಚಿತ್ರ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತವಾದಾಗ ಅವರಿಗೆ 35. ಹೊರಟಿದ್ದದ್ದು ಲೋಕಾಪುರಕ್ಕೆ, ಚಂದ್ರಶೇಖರ ಕಂಬಾರರ ನಾಟಕ ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆ.