ಫ್ರೀ ಲುಕ್: ಲೋನ್ ಜೊತೆ ಅಂಟಿಕೊಂಡು ಬಂದ ಇನ್ಶೂರೆನ್ಸ್ ರದ್ದು ಮಾಡುವ ಹಕ್ಕು

5 ಲಕ್ಷದ ಪರ್ಸನಲ್ ಲೋನ್ ಪಾಸಾಗಿದೆ ಅಂದುಕೊಳ್ಳಿ. ಖಾತೆಗೆ ಬಿದ್ದಿದ್ದು ಮಾತ್ರ 4,76,200 ರೂಪಾಯಿ. ಬಾಕಿ ಎಲ್ಲಿ ಹೋಯ್ತು ಅಂತ ಕೇಳಿದರೆ, "ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸು ಕಟ್ ಆಗಿದೆ ಸಾರ್, ಎಲ್ರಿಗೂ ಅಷ್ಟೇ" ಅನ್ನುವ ಉತ್ತರ ಬರುತ್ತದೆ. ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ. ಆ ಇನ್ಶೂರೆನ್ಸ್ ಹಣವನ್ನು ವಾಪಸ್ ಪಡೆಯಲು ಇರುವ ದಾರಿಯ ಹೆಸರೇ ಫ್ರೀ ಲುಕ್.

ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ಅದನ್ನು ಓದಿ ನೋಡಲು ಗ್ರಾಹಕನಿಗೆ ಸಮಯವಿರುತ್ತದೆ. ಬೇಡ ಅನ್ನಿಸಿದರೆ ರದ್ದು ಮಾಡಿಸಬಹುದು. ಮೊದಲು ಸಾಮಾನ್ಯವಾಗಿ 15 ದಿನ ಇತ್ತು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಅದನ್ನು 30ಕ್ಕೆ ಏರಿಸಿತು. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಜೀವ ವಿಮೆ, ಆರೋಗ್ಯ ವಿಮೆಗಳಿಗೆ ಇದು ಸಿಗುತ್ತದೆ.

ಲೋನ್ ಜೊತೆ ಬರುವ ವಿಮೆಯಲ್ಲಿ ಎರಡು ಬಗೆ. ಒಂದು, ಸಾಲಗಾರ ತೀರಿಕೊಂಡರೆ ಬಾಕಿ ಸಾಲ ತೀರಿಸುವಂಥದ್ದು. ಇದರಲ್ಲಿ ಸಾಮಾನ್ಯವಾಗಿ ಸಾಲ ಕರಗಿದ ಹಾಗೆ ವಿಮೆಯ ಮೊತ್ತವೂ ಕರಗುತ್ತದೆ. ಇನ್ನೊಂದು, ಕೆಲಸ ಹೋದರೆ ಅಥವಾ ಅಪಘಾತವಾದರೆ ಕೆಲವು ಇಎಂಐ ಕಟ್ಟುವಂಥದ್ದು. ಎರಡನೆಯದರ ಷರತ್ತುಗಳನ್ನು ಒಮ್ಮೆ ಓದಿ ನೋಡಿ. ನೀವೇ ರಾಜೀನಾಮೆ ಕೊಟ್ಟರೆ ಸಿಗುವುದಿಲ್ಲ, ಮೊದಲ ಕೆಲವು ವಾರ ಸಿಗುವುದಿಲ್ಲ, ಸಿಕ್ಕರೂ ಎರಡು ಮೂರು ಕಂತಿಗೆ ಮಾತ್ರ, ಹೀಗೆ ಪಟ್ಟಿ ಬೆಳೆಯುತ್ತದೆ.

ದುಡ್ಡಿನ ಲೆಕ್ಕ ನೋಡೋಣ. ಪ್ರೀಮಿಯಂ 12,000 ರೂಪಾಯಿ, ಅದೂ ಸಾಲದಲ್ಲೇ ಸೇರಿದೆ. ಬಡ್ಡಿ ಶೇ. 14, ಅವಧಿ ನಾಲ್ಕು ವರ್ಷ. ಆಗ ಇಎಂಐನಲ್ಲಿ ಸುಮಾರು 328 ರೂಪಾಯಿ ಬರೀ ಈ ಇನ್ಶೂರೆನ್ಸ್‌ಗೇ ಹೋಗುತ್ತದೆ. ನಾಲ್ಕು ವರ್ಷ ಮುಗಿಯುವಷ್ಟರಲ್ಲಿ 15,740 ರೂಪಾಯಿ ಕಟ್ಟಿರುತ್ತೀರಿ. ಅಂದರೆ ವಿಮೆ ಕೊಳ್ಳಲೂ ಸಾಲ, ಆ ಸಾಲಕ್ಕೂ ಬಡ್ಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಆದರೆ ಲೋನ್ ಜೊತೆ ಮಾರುವುದು ಬಹುಪಾಲು ಗುಂಪು ವಿಮೆ (ಬ್ಯಾಂಕಿನ ಹೆಸರಿನ ಒಂದೇ ಪಾಲಿಸಿಯೊಳಗೆ ಹಲವು ಸಾಲಗಾರರು), ಅದಕ್ಕೆ ಆ ವಿನಾಯಿತಿ ಇಲ್ಲ. ಇದನ್ನು ಮಾರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಫ್ರೀ ಲುಕ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ? ವಿಮೆ ಜಾರಿಯಲ್ಲಿದ್ದ ಅಷ್ಟು ದಿನದ ಪಾಲು, ಸ್ಟಾಂಪ್ ಡ್ಯೂಟಿ, ಮೆಡಿಕಲ್ ಟೆಸ್ಟ್ ಮಾಡಿಸಿದ್ದರೆ ಅದರ ಖರ್ಚು, ಇಷ್ಟನ್ನು ಹಿಡಿದುಕೊಂಡು ಉಳಿದದ್ದು ಕೊಡಬೇಕು. ಮೇಲಿನ ಲೆಕ್ಕದಲ್ಲಿ 20ನೇ ದಿನ ರದ್ದು ಮಾಡಿದರೆ ಹೋಗುವುದು ಕೆಲವು ನೂರು ರೂಪಾಯಿ ಅಷ್ಟೇ.

"ಇನ್ಶೂರೆನ್ಸ್ ತೆಗೆದರೆ ಲೋನೇ ಕ್ಯಾನ್ಸಲ್ ಆಗುತ್ತೆ" ಅನ್ನುವ ಮಾತಿಗೆ ಹೆದರಬೇಡಿ. ಸಾಲದ ಕರಾರು ಬ್ಯಾಂಕಿನ ಜೊತೆ, ವಿಮೆಯ ಕರಾರು ವಿಮಾ ಕಂಪನಿಯ ಜೊತೆ. ಪರ್ಸನಲ್ ಲೋನಿಗೆ ಇನ್ಶೂರೆನ್ಸ್ ಇರಲೇಬೇಕು ಅನ್ನುವ ಕಾನೂನು ಇಲ್ಲ. ಒಂದು ವಿಷಯ ಮಾತ್ರ ಪರೀಕ್ಷಿಸಿಕೊಳ್ಳಿ: ವಿಮೆ ತಗೊಂಡಿದ್ದಕ್ಕೆ ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟಿದ್ದಾರಾ? ಸಾಲದ ಪತ್ರದಲ್ಲಿ ಹಾಗೆ ಬರೆದಿದ್ದರೆ ರದ್ದಾದ ಮೇಲೆ ಆ ರಿಯಾಯಿತಿ ಹೋಗಬಹುದು.

ಈ ಪ್ರೀಮಿಯಂ ಎಲ್ಲಿ ಕಾಣುತ್ತದೆ ಅಂತ ಹುಡುಕಲು ಈಗ ಒಳ್ಳೆಯ ಕಾಗದ ಒಂದಿದೆ. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆಲ್ಲ ರಿಸರ್ವ್ ಬ್ಯಾಂಕ್ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕಡ್ಡಾಯ ಮಾಡಿದೆ. ಅದರಲ್ಲಿ ಶುಲ್ಕಗಳಿಗೆ ಎರಡು ಕಾಲಂ: ಬ್ಯಾಂಕಿಗೆ ಹೋಗುವುದು ಒಂದು, ಬ್ಯಾಂಕಿನ ಮೂಲಕ ಬೇರೆಯವರಿಗೆ ಹೋಗುವುದು ಇನ್ನೊಂದು. ಇನ್ಶೂರೆನ್ಸ್ ಸಾಲಿನ ಎದುರಿಗೆ ಎರಡನೇ ಕಾಲಂನಲ್ಲಿ ಎಷ್ಟು ಬರೆದಿದ್ದಾರೆ ನೋಡಿ. ವರ್ಷದ ಒಟ್ಟು ಖರ್ಚಿನ ದರ, ಅಂದರೆ ಎಪಿಆರ್, ಲೆಕ್ಕ ಹಾಕುವಾಗ ಅದನ್ನೂ ಸೇರಿಸಬೇಕು. ಅಲ್ಲಿ ನಮೂದಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಈ ಕಾಗದ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತಲೂ ನಿಯಮ ಹೇಳುತ್ತದೆ. ಹಾಗಾಗಿ ಕನ್ನಡದಲ್ಲೇ ಕೊಡಿ ಅಂತ ಕೇಳಲು ಸಂಕೋಚ ಬೇಡ.

ಇನ್ನು ರದ್ದು ಮಾಡುವ ಕೆಲಸ. ಮೊದಲು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಹುಡುಕಿ. ಗುಂಪು ವಿಮೆಯಲ್ಲಿ ಮುಖ್ಯ ಪಾಲಿಸಿ ಬ್ಯಾಂಕಿನ ಹೆಸರಿನಲ್ಲಿರುತ್ತದೆ, ನಿಮಗೆ ಬರುವುದು ಈ ಸರ್ಟಿಫಿಕೇಟ್ ಮಾತ್ರ. ಅದು ಇಮೇಲ್‌ನಲ್ಲೋ, ಎಸ್ಸೆಮ್ಮೆಸ್ ಲಿಂಕ್‌ನಲ್ಲೋ ಬಂದು ಜಾಹೀರಾತುಗಳ ಮಧ್ಯೆ ಮುಚ್ಚಿಹೋಗಿರುತ್ತದೆ. ಅದರಲ್ಲಿ ಫ್ರೀ ಲುಕ್ ಕಲಮು, ವಿಮಾ ಕಂಪನಿಯ ಇಮೇಲ್ ವಿಳಾಸ ಎರಡೂ ಸಿಗುತ್ತವೆ. ಪತ್ರ ವಿಮಾ ಕಂಪನಿಗೇ ಬರೆಯಿರಿ, ಬ್ರಾಂಚಿಗೆ ಒಂದು ಪ್ರತಿ ಹಾಕಿ. ಉದ್ದ ಬರೆಯಬೇಕಿಲ್ಲ:

"ನನ್ನ ಸಾಲ ಖಾತೆ ಸಂಖ್ಯೆ ಇದು, ಸರ್ಟಿಫಿಕೇಟ್ ಸಂಖ್ಯೆ ಇದು. ಸರ್ಟಿಫಿಕೇಟ್ ಇಂಥ ದಿನ ತಲುಪಿದೆ. ಫ್ರೀ ಲುಕ್ ಅಡಿಯಲ್ಲಿ ಇದನ್ನು ರದ್ದು ಮಾಡಿ ಪ್ರೀಮಿಯಂ ಮರಳಿಸಿ."

ಬ್ರಾಂಚಿನಲ್ಲಿ ಬಾಯಿಮಾತಿಗೆ "ಆಯ್ತು ಮಾಡಿಸ್ತೀವಿ" ಅಂದರೆ ನಂಬಿ ಕೂರಬೇಡಿ, 30 ದಿನ ಹಾಗೇ ಕಳೆದುಹೋಗುತ್ತದೆ. ಹಣ ನಿಮ್ಮ ಉಳಿತಾಯ ಖಾತೆಗೆ ಬರುತ್ತದೋ, ಸಾಲದ ಖಾತೆಗೆ ಜಮೆಯಾಗುತ್ತದೋ ಅನ್ನುವುದನ್ನೂ ಲಿಖಿತವಾಗಿ ಕೇಳಿ. ಸಾಲಕ್ಕೆ ಜಮೆಯಾದರೆ ಇಎಂಐ ಇಳಿಯಬೇಕು, ಇಲ್ಲವೇ ಅವಧಿ ಕಮ್ಮಿಯಾಗಬೇಕು ಅಲ್ವಾ?

ಎಲ್ಲರೂ ರದ್ದು ಮಾಡಲೇಬೇಕು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ದುಡಿಯುವವರು ಒಬ್ಬರೇ, ಬೇರೆ ಟರ್ಮ್ ಇನ್ಶೂರೆನ್ಸ್ (ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ) ಇಲ್ಲ, ಹೆಂಡತಿಯೋ ತಮ್ಮನೋ ಜೊತೆಯಲ್ಲಿ ಸಾಲಕ್ಕೆ ಸಹಿ ಹಾಕಿದ್ದಾರೆ ಅಂದರೆ ಇಟ್ಟುಕೊಳ್ಳುವುದೇ ಲೇಸು. ಸಾಲಗಾರ ತೀರಿಕೊಂಡರೆ ಸಹಿ ಹಾಕಿದವರ ಮೇಲೆ ಪೂರ್ತಿ ಸಾಲ ಬೀಳುತ್ತದೆ. ಸಹಿ ಹಾಕದ ವಾರಸುದಾರರು ತಮಗೆ ಬಂದ ಆಸ್ತಿಯ ಮಿತಿಯಲ್ಲಷ್ಟೇ ಹೊಣೆ. ಈಗಾಗಲೇ ದೊಡ್ಡ ಟರ್ಮ್ ಪಾಲಿಸಿ ಇದ್ದವರಿಗೆ ಮಾತ್ರ ಇದು ದಂಡ.

ಬ್ರಿಟನ್‌ನಲ್ಲಿ ಇಂಥದ್ದೇ ವಿಮೆ ಪಿಪಿಐ ಅನ್ನುವ ಹೆಸರಿನಲ್ಲಿ ದೊಡ್ಡ ಹಗರಣವಾಯಿತು. ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟ ಒಂದು ಕೇಸಿನಲ್ಲಿ 34,000 ಪೌಂಡ್ ಸಾಲಕ್ಕೆ 5,780 ಪೌಂಡ್ ವಿಮೆ ಹಾಕಿದ್ದರು. ಅದರಲ್ಲಿ ಶೇ. 71.8 ಬರೀ ಕಮಿಷನ್. ಇದನ್ನು ಗ್ರಾಹಕಿಗೆ ತಿಳಿಸಿಯೇ ಇರಲಿಲ್ಲ. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಒಟ್ಟಾರೆ 3,800 ಕೋಟಿ ಪೌಂಡಿಗೂ ಹೆಚ್ಚು ಹಣವನ್ನು ಜನರಿಗೆ ಮರಳಿಸಬೇಕಾಯಿತು.

30 ದಿನ ದಾಟಿಹೋಗಿದ್ದರೆ? ಆಗ ಫ್ರೀ ಲುಕ್ ಸಿಗುವುದಿಲ್ಲ, ಸರೆಂಡರ್ ಕಲಮು, ಅಂದರೆ ಪಾಲಿಸಿಯನ್ನು ಮಧ್ಯದಲ್ಲೇ ಬಿಟ್ಟರೆ ಏನು ಸಿಗುತ್ತದೆ ಅನ್ನುವ ಭಾಗ, ನೋಡಬೇಕು. ಒಂದೇ ಕಂತಿನ ಪ್ರೀಮಿಯಂ ಕಟ್ಟಿದ್ದು, ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಅಥವಾ ಬೇರೆ ಬ್ಯಾಂಕಿಗೆ ವರ್ಗಾಯಿಸಿದರೆ, ಉಳಿದ ಅವಧಿಯ ಪಾಲು ಕೇಳಲು ಹಲವು ಪಾಲಿಸಿಗಳಲ್ಲಿ ಅವಕಾಶವಿದೆ. ಎನ್‌ಒಸಿ (ಸಾಲ ಪೂರ್ತಿ ತೀರಿದೆ ಅಂತ ಬ್ಯಾಂಕ್ ಕೊಡುವ ಪತ್ರ) ತಗೊಳ್ಳುವ ದಿನವೇ ಇದನ್ನು ಕೇಳಿ.

ವಿಮಾ ಕಂಪನಿ ಒಪ್ಪದಿದ್ದರೆ, ಅಥವಾ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಗ್ರಾಹಕರ ದೂರು ಕೇಳಿ ತೀರ್ಮಾನ ಕೊಡುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲೇ ಇದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಗೆ ಬರೆದ ಪತ್ರ, ಅವರ ಉತ್ತರ ಮತ್ತು ಸರ್ಟಿಫಿಕೇಟಿನ ಪ್ರತಿಗಳನ್ನು ದೂರಿನ ಜೊತೆ ಲಗತ್ತಿಸಿ. ಬ್ಯಾಂಕಿನವರು ಒತ್ತಾಯದಿಂದ ಮಾರಿದ್ದಾರೆ ಅನ್ನುವುದು ನಿಮ್ಮ ದೂರಾದರೆ ಅದು ಬೇರೆ ದಾರಿ: ಮೊದಲು ಬ್ಯಾಂಕಿಗೆ ಲಿಖಿತ ದೂರು, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್.